ಕ್ಯಾಸೆಟ್ಟಿನ ಮೊದಲ ಅರ್ಧ ನಿಮಿಷ: ವಿಡಿಯೋ ಕಂಪನಿಗಳ ಲೋಗೋ ಉಳಿಸುವ ಕೆಲಸ

ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವ ಜಾಗ ಕಂಪನಿಯ ಲೋಗೋ ಇರುವ ಜಾಗವೇ. ಕ್ಯಾಸೆಟ್ ಹಾಕಿದಾಗೆಲ್ಲ ವಿಸಿಆರ್ ಟೇಪನ್ನು ಹೊರಗೆಳೆದು, ಟೇಪು ಓದುವ ಹೆಡ್ಡುಗಳಿರುವ ತಿರುಗುವ ಡ್ರಮ್ಮಿಗೆ ಸುತ್ತುವುದು ಅಲ್ಲಿ. ರಿವೈಂಡ್ ಮಾಡಿ ಕಪಾಟಿನಲ್ಲಿಟ್ಟರೆ ರೀಲಿನ ಹೊರಸುತ್ತಾಗಿ ತೇವಕ್ಕೂ ಧೂಳಿಗೂ ಮೊದಲು ಸಿಗುವುದೂ ಅದೇ. ಟೇಪು ಹರಿದರೆ ಲೈಬ್ರರಿಯವರು ಸುಕ್ಕಾದ ತುಂಡನ್ನು ಕತ್ತರಿಸಿ ಎಸೆದು ಉಳಿದದ್ದನ್ನು ಲೀಡರಿಗೆ, ಅಂದರೆ ಟೇಪಿನ ತುದಿಯ ಪಾರದರ್ಶಕ ಪಟ್ಟಿಗೆ, ಅಂಟಿಸಿಬಿಡುತ್ತಿದ್ದರು. ಗಿರಾಕಿಗೆ ಬೇಕಾದ ಸಿನಿಮಾ ಉಳಿಯುತ್ತಿತ್ತು, ಲೋಗೋ ಹೋಗುತ್ತಿತ್ತು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳೆಯ ವಿಡಿಯೋ ಲೈಬ್ರರಿಗಳ ಮಾಲಿನಿಂದ ಆ ಲೋಗೋಗಳನ್ನು ನಾನು ಹೇಗೆ ತೆಗೆಯುತ್ತೇನೆ, ತೆಗೆದ ಮೇಲೆ ಅದು ಯಾವ ಕಾಲದ್ದು, ಯಾವ ಯಂತ್ರದಲ್ಲಿ ಮಾಡಿದ್ದು ಎಂದು ಹೇಗೆ ಓದುತ್ತೇನೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಇಡೀ ಸಿನಿಮಾ ಡಿಜಿಟಲ್ ಮಾಡುವವರ ವಿಧಾನ ಇದಕ್ಕೆ ಪೂರ್ತಿ ಹೊಂದುವುದಿಲ್ಲ. ಅವರು ಮೊದಲ ಅರ್ಧ ನಿಮಿಷವನ್ನು ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಗೆರೆಗಳಿಗೆ ಹೊಂದಿಸುವುದು) ಸರಿಮಾಡಿಕೊಳ್ಳಲು ಬಿಟ್ಟುಕೊಡುತ್ತಾರೆ. ನಮಗೆ ಬೇಕಾದದ್ದು ಅದೊಂದೇ.

ಮೊದಲು ಟೇಪಿನ ಸ್ಥಿತಿ. ಬೆಳಗಾವಿಯ ಮಳೆಗಾಲ ಕಂಡ ಕ್ಯಾಸೆಟ್ಟಿನಲ್ಲಿ ಬೂಷ್ಟು ಇದ್ದೇ ಇರುತ್ತದೆ ಎಂದು ಹಿಡಿದುಕೊಂಡೇ ಶುರುಮಾಡಿ. ಕ್ಯಾಸೆಟ್ಟಿನ ಕಿಟಕಿಯಿಂದ ರೀಲಿನ ಪಕ್ಕ ನೋಡಿದರೆ ಬಿಳಿ ಪುಡಿಯೋ ಬಲೆಯಂಥ ಎಳೆಯೋ ಕಾಣುತ್ತದೆ. ವಿಜಯಪುರದ ಮಾಲಿನಲ್ಲಿ ಬೂಷ್ಟು ಕಡಿಮೆ, ನುಣ್ಣನೆಯ ಧೂಳು ಜಾಸ್ತಿ. ಅದು ಹೆಡ್ಡನ್ನು ಉಜ್ಜಿ ತಿನ್ನುತ್ತದೆ. ಹಳೆ ಬಾಗಲಕೋಟೆ ಆಲಮಟ್ಟಿ ಹಿನ್ನೀರಿಗೆ ಹೋದಾಗ ನವನಗರಕ್ಕೆ ಮೂಟೆಯಲ್ಲಿ ಸಾಗಿಬಂದ ಸರಕಿನಲ್ಲಿ ಟೇಪಿನ ಅಂಚು ಮಡಚಿದ್ದು ಹೆಚ್ಚು. ಯಾವ ಅಂಚು ಎಂದು ನೋಡಿಕೊಳ್ಳಬೇಕು. ಕೆಳಗಿನ ಅಂಚಿನಲ್ಲಿ ಟೇಪಿನ ಓಟಕ್ಕೆ ತಾಳ ಕೊಡುವ ಕಂಟ್ರೋಲ್ ಟ್ರ್ಯಾಕ್ ಇದೆ, ಅದು ಕೆಟ್ಟರೆ ಚಿತ್ರ ನಿಲ್ಲುವುದಿಲ್ಲ. ಮೇಲಿನ ಅಂಚಿನಲ್ಲಿ ಸಾಮಾನ್ಯ ಆಡಿಯೋ ಇದೆ, ಅದು ಕೆಟ್ಟರೆ ಲೋಗೋದ ಸಂಗೀತ ಮುಳುಗಿ ಏಳುತ್ತದೆ. ಹೈ-ಫೈ ಕ್ಯಾಸೆಟ್ ಆಗಿದ್ದರೆ ಧ್ವನಿಯನ್ನು ತಿರುಗುವ ಹೆಡ್ಡುಗಳು ಚಿತ್ರದ ಜಾಗದಲ್ಲೇ ಬರೆದಿರುತ್ತವೆ, ಹಾಗಾಗಿ ಮೇಲಂಚು ಹೋಗಿದ್ದರೂ ಸಂಗೀತ ಸಿಗುತ್ತದೆ.

ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ವಿಸಿಆರಿಗೆ ಹಾಕಲೇಬೇಡಿ. ಅದರ ಬೀಜ ಹೆಡ್ಡಿನ ಮೂಲಕ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಕ್ಯಾಸೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ; ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ಒದ್ದೆ ಬೂಷ್ಟು ಮೆತ್ತಿಕೊಳ್ಳುತ್ತದೆ, ಒಣಗಿದ್ದು ಉದುರುತ್ತದೆ. ಆಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಹಿಂಭಾಗದ 5 ಸ್ಕ್ರೂಗಳನ್ನು ಸ್ಟಾರ್ ಸ್ಕ್ರೂಡ್ರೈವರಿನಿಂದ ಬಿಚ್ಚಿ. ಮೇಲ್ಭಾಗ ಎತ್ತುವಾಗ ಸ್ಪ್ರಿಂಗು, ಸಣ್ಣ ಗೈಡುಗಳು ಹಾರುತ್ತವೆ. ಎತ್ತಿದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ವಾಪಸ್ ಜೋಡಿಸುವಾಗ ತಲೆಬಿಸಿ ಇಲ್ಲ. ಲೋಗೋ ಮಾತ್ರ ಬೇಕಾದವರಿಗೆ ಇಲ್ಲೊಂದು ಅನುಕೂಲ ಇದೆ. ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ವಿಎಚ್‌ಎಸ್ ಟೇಪು ಸೆಕೆಂಡಿಗೆ 23.39 ಮಿ.ಮೀ. ಓಡುತ್ತದೆ. 10 ಮೀಟರ್ ಒರೆಸಿದರೆ ಏಳು ನಿಮಿಷದಷ್ಟು ವಿಡಿಯೋ ಸಿಕ್ಕಿತು, ಎಚ್ಚರಿಕೆಯ ಬರಹ, ಲೋಗೋ, ಜಾಹೀರಾತು ಎಲ್ಲ ಅದರಲ್ಲೇ ಮುಗಿಯುತ್ತವೆ. ನೂಲು ಬಿಡದ ಒಣ ಬಟ್ಟೆಯ ಮಡಿಕೆಯಲ್ಲಿ ಟೇಪನ್ನು ಹಗುರವಾಗಿ ಹಿಡಿದು ಕೈಯಲ್ಲೇ ಎಳೆಯಿರಿ. ಒರೆಸಿದ ಟೇಪನ್ನು ಹೊಸ ಶೆಲ್ಲಿಗೆ (ಕ್ಯಾಸೆಟ್ಟಿನ ಪ್ಲಾಸ್ಟಿಕ್ ಕವಚಕ್ಕೆ) ಹಾಕಿ.

ಹರಿದ ಟೇಪು ಸೇರಿಸಲು ಸೆಲ್ಲೋಟೇಪು ಬಳಸಿದ ಕ್ಯಾಸೆಟ್ಟುಗಳು ನಮ್ಮ ಕಡೆ ಹೇರಳ. ಅದರ ಅಂಟು ಬೇಸಿಗೆಯಲ್ಲಿ ಕರಗಿ ಅಕ್ಕಪಕ್ಕದ ಸುತ್ತಿಗೂ ಹತ್ತಿ, ಓಡುವಾಗ ಹೆಡ್ಡಿಗೆ ಮೆತ್ತುತ್ತದೆ. ಅದನ್ನು ಕತ್ತರಿಸಿ ತೆಗೆದು, ಎರಡೂ ತುದಿ ಓರೆಯಾಗಿ ಒಟ್ಟಿಗೆ ಕತ್ತರಿಸಿ, ಹೆಡ್ಡಿಗೆ ತಾಗದ ಒಳಮೈಯ ಕಡೆ ವಿಡಿಯೋ ಸ್ಪ್ಲೈಸಿಂಗ್ ಟೇಪು ಹಚ್ಚಿ. ತುದಿಗಳು ಒಂದರ ಮೇಲೊಂದು ಏರಬಾರದು, ನಡುವೆ ಸಂದೂ ಬಿಡಬಾರದು.

ಲೋಗೋ ಲೀಡರಿಗೆ ತೀರ ಹತ್ತಿರ ಬಂದುಬಿಟ್ಟಿದ್ದರೆ ಇನ್ನೊಂದು ತೊಡಕು ಎದುರಾಗುತ್ತದೆ. ಪಾರದರ್ಶಕ ಲೀಡರಿನ ಮೂಲಕ ಬೆಳಕು ಹಾಯ್ದರೆ ವಿಸಿಆರ್ ಟೇಪು ಮುಗಿಯಿತೆಂದು ತಿಳಿಯುತ್ತದೆ. ಅಲ್ಲಿಂದ ಪ್ಲೇ ಒತ್ತಿದಾಗ ಸರ್ವೋ (ಟೇಪು, ಡ್ರಮ್ಮಿನ ವೇಗ ಕಾಯುವ ವ್ಯವಸ್ಥೆ) ಹಿಡಿತಕ್ಕೆ ಬರಲು ಕೆಲವು ಸೆಕೆಂಡು ಬೇಕು; ಅಷ್ಟರಲ್ಲಿ ಲೋಗೋ ಅರ್ಧ ದಾಟಿರುತ್ತದೆ. ಇದಕ್ಕೆ ನಾನು ಮಾಡುವುದು ಇಷ್ಟು: ಕಪ್ಪು ಸಿಗ್ನಲ್ ರೆಕಾರ್ಡ್ ಮಾಡಿದ ಬೇರೆ ಟೇಪಿನಿಂದ 1 ಮೀಟರ್ ಕತ್ತರಿಸಿ ಲೀಡರಿಗೂ ಲೋಗೋಗೂ ನಡುವೆ ಸೇರಿಸುತ್ತೇನೆ. ಅಷ್ಟಕ್ಕೆ ಸುಮಾರು 43 ಸೆಕೆಂಡು ಸಿಗುತ್ತದೆ. ಸೇರಿದ ಜಾಗದಲ್ಲಿ ಚಿತ್ರ ಕ್ಷಣಕಾಲ ಕದಡುತ್ತದೆ ನಿಜ, ಆದರೆ ಡ್ರಮ್ಮು ಆಗಲೇ ನಿಮಿಷಕ್ಕೆ 1500 ಸುತ್ತಿನ ವೇಗದಲ್ಲಿರುವುದರಿಂದ ಬೇಗ ಸುಧಾರಿಸಿಕೊಳ್ಳುತ್ತದೆ. ಸ್ಪ್ಲೈಸ್ ಡ್ರಮ್ಮಿನ ಮೇಲೆ ಹಾಯುವುದು ಹೆಡ್ಡಿಗೆ ಅಪಾಯವೇ. ಈ ಕೆಲಸಕ್ಕೆ ಕಳೆದುಕೊಂಡರೂ ಪರವಾಗಿಲ್ಲ ಅನ್ನುವಂಥ ವಿಸಿಆರ್ ಇರಲಿ.

ಹೆಡ್ಡು ಒರೆಸುವುದಕ್ಕೆ ಹತ್ತಿಯ ಕಡ್ಡಿ ಬೇಡ. ಎಳೆ ಸಿಕ್ಕಿಕೊಂಡರೆ ಹೆಡ್ಡಿನ ತುದಿಯೇ ಮುರಿಯುತ್ತದೆ. ಬಿಳಿ ಜೆರಾಕ್ಸ್ ಕಾಗದದ ಪಟ್ಟಿಯನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿ, ಡ್ರಮ್ಮಿಗೆ ಹಗುರವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮನ್ನು ತಿರುಗಿಸಿ. ಕಾಗದ ಅಲುಗಾಡಬಾರದು, ಮೇಲೆ ಕೆಳಗೆ ಉಜ್ಜಲೇಬಾರದು.

ಇನ್ನು ರೆಕಾರ್ಡಿಂಗ್. ಆಟೋ ಟ್ರ್ಯಾಕಿಂಗ್ ಆಫ್ ಮಾಡಿ. ಅದು ಹುಡುಕಾಡುವುದು ಸರಿಯಾಗಿ ಲೋಗೋದ ಮೇಲೆಯೇ. ಮೊದಲು ಸಿನಿಮಾದ ಭಾಗಕ್ಕೆ ಹೋಗಿ ಕೈಯಿಂದ ಟ್ರ್ಯಾಕಿಂಗ್ ಕೂಡಿಸಿ, ಕ್ಯಾಸೆಟ್ ಹೊರತೆಗೆಯದೆ ಹಿಂದಕ್ಕೆ ಬನ್ನಿ. ಹೊರತೆಗೆದರೆ ಬಹಳ ಯಂತ್ರಗಳು ಆ ಹೊಂದಾಣಿಕೆಯನ್ನು ಮರೆತುಬಿಡುತ್ತವೆ. ವಿಸಿಆರ್ ಮತ್ತು ಕಂಪ್ಯೂಟರಿನ ಕ್ಯಾಪ್ಚರ್ ಕಾರ್ಡಿನ ನಡುವೆ, ಓಲಾಡುವ ಸಿಗ್ನಲನ್ನು ನೆಟ್ಟಗೆ ಮಾಡುವ ಟೈಮ್ ಬೇಸ್ ಕರೆಕ್ಟರ್ ಇರಲೇಬೇಕು. ಅಷ್ಟು ದುಡ್ಡಿಲ್ಲದವರು ಪ್ಯಾನಸೋನಿಕ್ ಡಿಎಂಆರ್-ಇಎಸ್10 ಡಿವಿಡಿ ರೆಕಾರ್ಡರಿನ ಮೂಲಕ ಸಿಗ್ನಲ್ ಹಾಯಿಸುತ್ತಾರೆ. ಗೆರೆಗಳ ಓಲಾಟವನ್ನು ಅದು ಚೆನ್ನಾಗಿ ತಡೆಯುತ್ತದೆ. ಕ್ಯಾಪ್ಚರ್ ಹೊಂದಿಕೆ: ಚಿತ್ರ 720×576, ಬಣ್ಣದ ಮಾದರಿ ವೈಯುವೈ2, ಧ್ವನಿ 48 ಕಿಲೊಹರ್ಟ್ಸ್. ಸಂಕುಚಿಸದೆ ಇಟ್ಟರೆ ಸೆಕೆಂಡಿಗೆ 20.7 ಎಂಬಿ, 15 ಸೆಕೆಂಡಿನ ಲೋಗೋ ಎಂದರೆ 311 ಎಂಬಿ ಅಷ್ಟೇ. ಇಷ್ಟಕ್ಕೆ ಎಂಪಿ4 ಮಾಡಿ ಕೆಡಿಸುವ ಅಗತ್ಯವೇ ಇಲ್ಲ. ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಕೋಡೆಕ್ ಬಳಸಿದರೆ ಚಿತ್ರ ಕೆಡದೆ ಜಾಗವೂ ಉಳಿಯುತ್ತದೆ.

ಲೋಗೋಗಳಲ್ಲಿ ಕಡುಗಪ್ಪು ಹಿನ್ನೆಲೆಯ ಮೇಲೆ ಮಿಂಚುವ ಬಿಳಿ ಇರುತ್ತದೆ. ಅಗ್ಗದ ಯುಎಸ್‌ಬಿ ಕಡ್ಡಿಗಳು ಆ ಬಿಳಿಯನ್ನು ಸುಟ್ಟುಬಿಡುತ್ತವೆ. ಕ್ಯಾಪ್ಚರ್ ತಂತ್ರಾಂಶ ವರ್ಚುವಲ್‌ಡಬ್‌ನ ಹಿಸ್ಟೋಗ್ರಾಮ್ (ಕಪ್ಪು-ಬಿಳಿಯ ಪ್ರಮಾಣ ತೋರಿಸುವ ನಕ್ಷೆ) ತೆರೆದು, ಬಲತುದಿ ಕೆಂಪಾಗದಷ್ಟು ಕಾಂಟ್ರಾಸ್ಟ್ ಇಳಿಸಿ. ಬೆಳಕು ಉಸಿರಾಡಿದಂತೆ ಏರಿಳಿದರೆ ಅದು ಟೇಪಿನ ದೋಷ ಅಲ್ಲ, ಮ್ಯಾಕ್ರೊವಿಷನ್. 1980ರ ದಶಕದ ಮಧ್ಯದಿಂದ ಕಂಪನಿಗಳು ನಕಲು ತಡೆಯಲು ಸೇರಿಸಿದ ಸಿಗ್ನಲ್. ಚಿತ್ರದ ಬುಡದಲ್ಲಿ ಕಾಣುವ ಹರಿದ ಗೆರೆಗಳನ್ನು ಮೂಲ ಫೈಲಿನಲ್ಲಿ ಕತ್ತರಿಸಬೇಡಿ.

ಎಲ್ಲಕ್ಕಿಂತ ಮುಖ್ಯ, ಡಿಇಂಟರ್‌ಲೇಸ್ ಮಾಡಬೇಡಿ, ಅಂದರೆ ಫೀಲ್ಡುಗಳನ್ನು ಬೆರೆಸಿ ಪೂರ್ತಿ ಫ್ರೇಮು ಮಾಡಬೇಡಿ. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮು, ಪ್ರತಿ ಫ್ರೇಮಿನಲ್ಲಿ ಎರಡು ಫೀಲ್ಡು; ಒಂದರಲ್ಲಿ ಬೆಸ ಗೆರೆಗಳು, ಇನ್ನೊಂದರಲ್ಲಿ ಸಮ ಗೆರೆಗಳು. ಲೋಗೋದ ಹುಟ್ಟಿನ ಗುರುತು ಇರುವುದು ಈ 50 ಫೀಲ್ಡುಗಳಲ್ಲಿ. ಅವಿಸಿಂತ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಸೆಪರೇಟ್‌ಫೀಲ್ಡ್ಸ್ ಆದೇಶ ಕೊಟ್ಟು ಒಂದೊಂದೇ ಫೀಲ್ಡು ಮುಂದಿಡುತ್ತಾ ನೋಡಿ. ಎರಡೆರಡು ಫೀಲ್ಡಿಗೊಮ್ಮೆ ಚಲನೆ ಆದರೆ ಅದು ಫಿಲ್ಮಿನ ಮೇಲೆ ಮಾಡಿದ್ದು, ಇಲ್ಲವೇ ಕಂಪ್ಯೂಟರಿನಲ್ಲಿ ಪೂರ್ತಿ ಫ್ರೇಮು ರೆಂಡರ್ ಮಾಡಿದ್ದು. ಪ್ರತಿ ಫೀಲ್ಡಿಗೂ ಚಲನೆ ಇದ್ದರೆ ವಿಡಿಯೋ ಯಂತ್ರದ ಕೆಲಸ. ಒಂದು ಫೀಲ್ಡಿನಲ್ಲಿ ಎರಡು ಚಿತ್ರ ಮಸುಕಾಗಿ ಬೆರೆತಿದ್ದರೆ ಮೂಲ ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪದ್ಧತಿಯದು, ನಮ್ಮ ಪಾಲ್‌ಗೆ ಪರಿವರ್ತಿಸಿದ್ದು. ಫಿಲ್ಮಿನಿಂದ ಬಂದದ್ದು 24ರ ಬದಲು 25ರಲ್ಲಿ ಓಡುವುದರಿಂದ 15 ಸೆಕೆಂಡಿನ ಲೋಗೋ 14.4ಕ್ಕೆ ಇಳಿದಿರುತ್ತದೆ, ಸಂಗೀತದ ಶ್ರುತಿಯೂ ತುಸು ಏರಿರುತ್ತದೆ. ವಿದೇಶಿ ಲೋಗೋ ಹೋಲಿಸುವಾಗ ಇದನ್ನು ಮರೆತು ಎರಡು ಬೇರೆ ಆವೃತ್ತಿ ಎಂದು ಬರೆದಿಡುವವರು ಬಹಳ.

ಈ ಪರೀಕ್ಷೆಯಿಂದ ಕಾಲಘಟ್ಟ ಬಿಡಿಸಿಕೊಳ್ಳುತ್ತದೆ. 1977ರಲ್ಲಿ ಮ್ಯಾಗ್ನೆಟಿಕ್ ವಿಡಿಯೋ ಕಂಪನಿ ಹಾಲಿವುಡ್ಡಿನ ಫಾಕ್ಸ್ ಸ್ಟುಡಿಯೋದ 50 ಚಿತ್ರಗಳನ್ನು ಕ್ಯಾಸೆಟ್ಟಿಗೆ ತಂದ ಕಾಲದಲ್ಲಿ ಲೋಗೋ ಅಂದರೆ ಬಹುತೇಕ ನಿಂತ ಚಿತ್ರ, ಇಲ್ಲವೇ ಸರಳ ಚಲನೆ. ಅದೇ ಕಾಲದ ಹೊಳೆಯುತ್ತಾ ಹಿಗ್ಗಿ ಬಳುಕುವ ಅಕ್ಷರಗಳು ಸ್ಕ್ಯಾನಿಮೇಟ್‌ನವು. ಲೀ ಹ್ಯಾರಿಸನ್ ಅವರ ಡೆನ್ವರ್ ಕಂಪನಿ ಮಾಡಿದ ಈ ಅನಲಾಗ್ ಯಂತ್ರದಲ್ಲಿ ಕಪ್ಪುಬಿಳುಪು ಕಲಾಕೃತಿಯನ್ನು ಕ್ಯಾಮೆರಾ ಓದಿ, ಪರದೆಯ ಮೇಲಿನ ಕಿರಣವನ್ನೇ ವೋಲ್ಟೇಜಿನಿಂದ ಬಗ್ಗಿಸಿ, ಬೂದು ಮಟ್ಟಗಳಿಗೆ ಬಣ್ಣ ತುಂಬುತ್ತಿದ್ದರು. ಹಾಗಾಗಿ ಅಂಚು ಎಂದೂ ಮೆಟ್ಟಿಲುಮೆಟ್ಟಿಲಾಗಿ ಕಾಣುವುದಿಲ್ಲ, ಚಲನೆ ಪ್ರತಿ ಫೀಲ್ಡಿಗೂ ಇರುತ್ತದೆ. 1980ರ ದಶಕದ ಆರಂಭದಲ್ಲಿ ಆಂಪೆಕ್ಸ್ ಎಡಿಒ, ಕ್ವಾಂಟೆಲ್ ಮಿರಾಜ್ ಎಂಬ ಡಿಜಿಟಲ್ ಎಫೆಕ್ಟ್ ಯಂತ್ರಗಳು ಬಂದ ಮೇಲೆ ಚಪ್ಪಟೆ ಚಿತ್ರ ಗಿರಕಿ ಹೊಡೆಯುವುದು, ಪುಟದಂತೆ ಮಗುಚುವುದು ಶುರುವಾಯಿತು. ಹತ್ತಿರ ಬಂದಾಗ ಅಕ್ಷರಕ್ಕೆ ದಪ್ಪ ಇಲ್ಲದಿದ್ದರೆ ಅದು ಈ ಗುಂಪಿನದು.

1985ರ ಅಮಿಗಾ ಕಂಪ್ಯೂಟರ್ ಸಣ್ಣ ಸ್ಟುಡಿಯೋಗಳ ಕೈಗೆಟುಕಿತು. ಗುರುತು ಸುಲಭ: ಅಕ್ಷರದೊಳಗೆ ಅಡ್ಡ ಪಟ್ಟಿಗಳಾಗಿ ಇಳಿಯುವ ಬಣ್ಣ, ಮೆಟ್ಟಿಲಂಚು, ಹಿಂದೆ ಓಡುವ ಸಿನಿಮಾದ ಮೇಲೆ ಕುಳಿತ ಶೀರ್ಷಿಕೆ. 1990ರಲ್ಲಿ ಡಾಸ್‌ಗೆ ಬಂದ ಆಟೋಡೆಸ್ಕ್ 3ಡಿ ಸ್ಟುಡಿಯೋದಿಂದ ಕ್ರೋಮ್ ಅಕ್ಷರ, ತಿರುಗುವ ಭೂಗೋಳ; ಕೊನೆಗೆ ಅಕ್ಷರದ ಮೂಲೆಯಲ್ಲಿ ಚಕ್ಕನೆ ಹೊಳೆಯುವ ಲೆನ್ಸ್ ಫ್ಲೇರ್. ನಮ್ಮ ಕಡೆಯ ಹಿಂದಿ, ಮರಾಠಿ, ಕನ್ನಡ ಕ್ಯಾಸೆಟ್, ವಿಸಿಡಿಗಳಲ್ಲಿ ಆ ಹೊಳಪು ಇಲ್ಲದ್ದು ಹುಡುಕಬೇಕು, ಅಷ್ಟರ ಮಟ್ಟಿಗೆ ಅದು ಸಾಂಕ್ರಾಮಿಕ.

ವಿಸಿಡಿಯ ಕಥೆ ಬೇರೆ. 352×288, ಎಂಪೆಗ್-1, ಸೆಕೆಂಡಿಗೆ 1150 ಕಿಲೊಬಿಟ್. ಎರಡರಲ್ಲಿ ಒಂದು ಫೀಲ್ಡು ಆಗಲೇ ಹೋಗಿರುತ್ತದೆ, ಆದ್ದರಿಂದ ಫೀಲ್ಡು ಪರೀಕ್ಷೆ ಇದರ ಮೇಲೆ ನಡೆಯದು. ಅದೇ ಲೋಗೋ ಕ್ಯಾಸೆಟ್ಟಿನಲ್ಲಿ ಸಿಕ್ಕರೆ ಕ್ಯಾಸೆಟ್ಟೇ ಮೇಲು. ಡಿಸ್ಕಿನ ಎಂಪೆಗ್‌ಎವಿ ಫೋಲ್ಡರಿನಲ್ಲಿ ಅನೇಕ ಸಲ ಎವಿಸೆಕ್01 ಎಂಬ ಚಿಕ್ಕ ಫೈಲೇ ಲೋಗೋ, 02 ಸಿನಿಮಾ. ಅದನ್ನು ಹಾಗೇ ಕಾಪಿ-ಪೇಸ್ಟ್ ಮಾಡಲು ಹೋದರೆ ಗೀಚುಬಿದ್ದ ಸಿಡಿಯಲ್ಲಿ ಕಂಪ್ಯೂಟರ್ ಸಿಕ್ಕಿಕೊಳ್ಳುತ್ತದೆ, ಏಕೆಂದರೆ ವಿಸಿಡಿಯ ವಿಡಿಯೋ ಸೆಕ್ಟರಿನಲ್ಲಿ ದೋಷ ತಿದ್ದುವ ಹೆಚ್ಚುವರಿ ಮಾಹಿತಿಯನ್ನು ಬಿಟ್ಟು ಆ ಜಾಗಕ್ಕೂ ವಿಡಿಯೋ ತುಂಬಿರುತ್ತಾರೆ. ಅದರ ಬದಲು ಐಸೊಬಸ್ಟರ್ ಅಥವಾ ವಿಸಿಡಿಎಕ್ಸ್‌ರಿಪ್ ತಂತ್ರಾಂಶ ಬಳಸಿ.

ಡಿವಿಡಿಯಲ್ಲಿ ಲೋಗೋ ಕಣ್ಣಿಗೆ ಬಿದ್ದರೂ ಫೈಲಿಗೆ ಬರುವುದಿಲ್ಲ ಎಂಬ ದೂರು ಸಾಮಾನ್ಯ. ಡಿವಿಡಿಯಿಂದ ಫೈಲು ತೆಗೆಯುವ ಮೇಕ್‌ಎಂಕೆವಿ ತಂತ್ರಾಂಶದಲ್ಲಿ 120 ಸೆಕೆಂಡಿಗಿಂತ ಚಿಕ್ಕ ಟೈಟಲ್‌ಗಳನ್ನು ಬಿಟ್ಟುಬಿಡುವ ಹೊಂದಿಕೆ ಮೊದಲೇ ಇರುತ್ತದೆ. ಅದನ್ನು 0 ಮಾಡಿ. ಆಗಲೂ ಬರದಿದ್ದರೆ ಲೋಗೋ ಇರುವುದು ಮೆನುವಿನ ಭಾಗದಲ್ಲಿ, ಡಿಸ್ಕ್ ಹಾಕಿದ ಕೂಡಲೇ ಓಡುವ ಫಸ್ಟ್ ಪ್ಲೇ ಆದೇಶದ ಬೆನ್ನಿಗೆ. ಪಿಜಿಸಿಎಡಿಟ್ ತಂತ್ರಾಂಶದಲ್ಲಿ ಆ ಆದೇಶಗಳ ಸರಣಿ ಹಿಡಿದು ಹೋದರೆ ಯಾವ ವಿಒಬಿ (ಡಿವಿಡಿಯ ವಿಡಿಯೋ ಫೈಲು) ಎಂದು ಗೊತ್ತಾಗುತ್ತದೆ. 2007ರಲ್ಲಿ ಮೋಸರ್ ಬೇರ್ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಮಾರಲು ಶುರುಮಾಡಿದ ಮೇಲಿನ ಡಿಸ್ಕುಗಳು ರಾಶಿಗಟ್ಟಲೆ ಸಿಗುತ್ತವೆ, ಅವುಗಳಿಗೆ ಅವಸರವಿಲ್ಲ. ಕ್ಯಾಸೆಟ್ಟುಗಳಿಗೆ ಇದೆ.

ವರ್ಷ ನಮೂದಿಸುವಾಗ ಸೆನ್ಸಾರ್ ಪ್ರಮಾಣಪತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಅದು ಹೆಚ್ಚಾಗಿ ಚಿತ್ರಮಂದಿರದ ಬಿಡುಗಡೆಯದು. ಮಂಡಳಿಯ ಹೆಸರಿನಲ್ಲಿ ‘ಸೆನ್ಸಾರ್ಸ್’ ಇದ್ದರೆ 1983ರ ಜೂನ್‌ಗೆ ಮುಂಚಿನದು, ‘ಸರ್ಟಿಫಿಕೇಷನ್’ ಇದ್ದರೆ ಆಮೇಲಿನದು. ಡಿಸ್ಕ್ ಕಾಲದ ಪ್ರಮಾಣಪತ್ರ ಸಂಖ್ಯೆ ‘ವಿ’ಯಿಂದ ಶುರುವಾದರೆ ವಿಡಿಯೋಗೆಂದೇ ಪಡೆದದ್ದು, ಅದನ್ನು ಹೆಚ್ಚು ನಂಬಬಹುದು. ಲೋಗೋದ ಕೆಳಗಿನ ವಿಳಾಸದಲ್ಲಿ ಬಾಂಬೆ ಇದ್ದರೆ 1995ಕ್ಕೆ ಮುಂಚೆ ಎಂಬ ಕಡೆಗೆ, ಮದ್ರಾಸ್ ಇದ್ದರೆ 1996ಕ್ಕೆ ಮುಂಚೆ ಎಂಬ ಕಡೆಗೆ ವಾಲಬಹುದು. ಹಳೆ ಲೋಗೋವನ್ನೇ ವರ್ಷಗಟ್ಟಲೆ ಓಡಿಸಿದ ಕಂಪನಿಗಳೂ ಇರುವುದರಿಂದ ಇದೊಂದೇ ಸಾಲದು. ನಾನು ಫೈಲಿನ ಹೆಸರಿನಲ್ಲಿ ಒಂದೇ ವರ್ಷ ಬರೆಯುವುದಿಲ್ಲ, ‘ಇದಕ್ಕಿಂತ ಮುಂಚೆ ಅಲ್ಲ, ಇದರ ನಂತರ ಅಲ್ಲ’ ಎಂದು ಎರಡು ಬರೆಯುತ್ತೇನೆ. ಜೊತೆಗೆ ಕ್ಯಾಸೆಟ್ಟಿನ ಬೆನ್ನು, ಲೈಬ್ರರಿಯ ಸ್ಟಿಕರು, ಶೆಲ್ಲಿನ ಒಳಮುದ್ರೆ ಮೂರರ ಫೋಟೋ.

ನೋಡಲು ಹಂಚುವ ಪ್ರತಿಯನ್ನು ಅವಿಸಿಂತ್‌ನ ಡಿಇಂಟರ್‌ಲೇಸ್ ಫಿಲ್ಟರು ಕ್ಯೂಟಿಜಿಎಂಸಿಯಿಂದ ಸೆಕೆಂಡಿಗೆ 50 ಫ್ರೇಮಿಗೆ ಬಿಡಿಸಿ, 1440×1080ಕ್ಕೆ ಹಿಗ್ಗಿಸಿ ಯೂಟ್ಯೂಬಿಗೆ ಏರಿಸಿ. 720 ಗೆರೆಗಿಂತ ಕಡಿಮೆ ಇದ್ದರೆ ಅಲ್ಲಿ 50 ಫ್ರೇಮು ಸಿಗುವುದಿಲ್ಲ, 25ಕ್ಕೆ ಇಳಿದು ಸ್ಕ್ಯಾನಿಮೇಟ್‌ನ ಬಳುಕು ಕುಂಟುತ್ತದೆ.