ಲಿಂಗನಮಕ್ಕಿಯ ನೀರಿಗೆ ಬೆಲೆ ಕಟ್ಟಿದ ಬಗೆ

ಕರ್ನಾಟಕದ ವಿದ್ಯುತ್ ವ್ಯವಸ್ಥೆಯ ಇಡೀ ವರ್ಷದ ನಡೆಯನ್ನು ಗಣಿತದ ಮಾದರಿಯೊಂದರಲ್ಲಿ ಹಿಡಿಯಲು ನಾನು ಮತ್ತು ನನ್ನ ಸಂಶೋಧನಾ ವಿದ್ಯಾರ್ಥಿಗಳು ತೊಡಗಿದಾಗ, ನಮ್ಮ ಹೆಚ್ಚಿನ ಸಮಯವನ್ನು ಶರಾವತಿಯ ನೀರೇ ತೆಗೆದುಕೊಂಡಿತು. ರಾಯಚೂರಿನಲ್ಲಿ ಸುಡುವ ಕಲ್ಲಿದ್ದಲಿಗೆ ಟನ್ನಿಗಿಷ್ಟು ಎಂಬ ದರವಿದೆ. ನೀರಿಗೆ ಇಂಧನ ವೆಚ್ಚವೇ ಇಲ್ಲ. ಒಟ್ಟು ವೆಚ್ಚವನ್ನು ತಗ್ಗಿಸಬೇಕೆಂದಷ್ಟೇ ಸೂಚಿಸಿದರೆ ಯಾವ ಮಾದರಿಯಾದರೂ ಮೊದಲು ಜಲಾಶಯವನ್ನು ಬರಿದು ಮಾಡಿ, ಬೇಡಿಕೆ ಏರುವ ಮಾರ್ಚ್, ಏಪ್ರಿಲ್‌ಗೆ ಏನನ್ನೂ ಉಳಿಸುವುದಿಲ್ಲ.

ಆದ್ದರಿಂದ ಲೆಕ್ಕವನ್ನು ಎರಡು ಹಂತಗಳಾಗಿ ಒಡೆದೆವು. ಮೊದಲ ಹಂತದಲ್ಲಿ ಜೂನ್‌ನಿಂದ ಮೇ ವರೆಗಿನ ಜಲವರ್ಷವನ್ನು ವಾರಗಳಾಗಿ ವಿಂಗಡಿಸಿ, ಹಿಂದಿನ ವರ್ಷಗಳ ಒಳಹರಿವಿನ ದಾಖಲೆಗಳಿಂದ ಹಲವು ಬಗೆಯ ಮಳೆಗಾಲಗಳನ್ನು ರಚಿಸಿಕೊಂಡು, ಕೊನೆಯ ವಾರದಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದೆವು. ಇಂದು ಉಳಿಸಿದ ನೀರು ಮುಂದೆ ಎಷ್ಟು ದುಬಾರಿ ವಿದ್ಯುತ್ತನ್ನು ತಪ್ಪಿಸುತ್ತದೆಯೋ ಅದೇ ಅದರ ಇಂದಿನ ಬೆಲೆ. 1819 ಅಡಿಯ ಪೂರ್ಣಮಟ್ಟಕ್ಕೆ ಜಲಾಶಯ ಸಮೀಪಿಸಿ ಮಳೆ ಇನ್ನೂ ಸುರಿಯುತ್ತಿದ್ದರೆ ಆ ಬೆಲೆ ಸೊನ್ನೆಗೆ ಇಳಿಯುತ್ತದೆ, ಮುಂಗಾರು ಕೈಕೊಟ್ಟ ವರ್ಷ ಕಲ್ಲಿದ್ದಲಿನ ದರವನ್ನೂ ಮೀರುತ್ತದೆ.

ಶರಾವತಿಯ ರಚನೆಯೇ ಇಲ್ಲಿ ನಮ್ಮ ನೆರವಿಗೆ ಬಂತು. ಲಿಂಗನಮಕ್ಕಿಯ ನೀರು ಅಣೆಕಟ್ಟೆಯ ಬುಡದ 55 ಮೆಗಾವ್ಯಾಟ್ ವಿದ್ಯುದಾಗಾರವನ್ನು ದಾಟಿ ತಳಕಳಲೆಯ ಸಮತೋಲನ ಜಲಾಶಯ ಸೇರಿ, ಅಲ್ಲಿಂದ 1035 ಮೆಗಾವ್ಯಾಟ್‌ನ ಮುಖ್ಯ ವಿದ್ಯುದಾಗಾರಕ್ಕೆ ಧುಮುಕಿ, ಕೊನೆಗೆ ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ದುಡಿಯುತ್ತದೆ. ತಳಕಳಲೆಯ ಮಟ್ಟ, ಹಾಗಾಗಿ ನೀರು ಬೀಳುವ ಎತ್ತರ, ಹೆಚ್ಚು ಏರಿಳಿಯದ ಕಾರಣ ಮುಖ್ಯ ವಿದ್ಯುದಾಗಾರದಲ್ಲಿ ನೀರಿಗೂ ವಿದ್ಯುತ್ತಿಗೂ ಇರುವ ಸಂಬಂಧವನ್ನು ಸರಳರೇಖೆಯೆಂದೇ ಬರೆಯಬಹುದು; ಇದರಿಂದ ಲೆಕ್ಕದ ಭಾರ ಬಹಳ ತಗ್ಗುತ್ತದೆ.

ಎರಡನೆಯ ಹಂತದಲ್ಲಿ ದಿನವನ್ನು, ವಿದ್ಯುತ್ ರವಾನೆ ಕೇಂದ್ರಗಳ ಪದ್ಧತಿಯಂತೆ, 15 ನಿಮಿಷಗಳ 96 ಅವಧಿಗಳಾಗಿ ಒಡೆದು, ವಾರದ ಲೆಕ್ಕ ಕೊಟ್ಟ ನೀರಿನ ಬೆಲೆಯನ್ನು ಇಂಧನ ದರವೆಂಬಂತೆ ಹಾಕಿದೆವು. ಉಷ್ಣ ಸ್ಥಾವರದ ಪ್ರತಿ ಘಟಕ ಚಾಲೂ ಇದೆಯೋ ಇಲ್ಲವೋ ಎಂಬುದಕ್ಕೆ 1 ಅಥವಾ 0. ಚಾಲೂ ಇದ್ದರೆ ಅದನ್ನು ಒಂದು ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಸಂಜೆ ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನ ಉತ್ಪಾದನೆ ಬೇಗಬೇಗ ಇಳಿದಾಗ, ಕೆಲವೇ ನಿಮಿಷಗಳಲ್ಲಿ ಏರಬಲ್ಲ ಶರಾವತಿಗೆ ಆ ಹೊರೆ ಬೀಳುವುದು ಫಲಿತಾಂಶದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇದೇ ಮಾದರಿಯಲ್ಲಿ ಪಂಪ್‌ಸೆಟ್ ಫೀಡರುಗಳ ತ್ರೀ ಫೇಸ್ ಸರಬರಾಜನ್ನು ಪೂರ್ತಿ ಹಗಲಿಗೆ ತಂದು ನೋಡಿದೆವು. ರೈತರು ರಾತ್ರಿ ಹೊಲಕ್ಕೆ ಹೋಗುವುದು ತಪ್ಪುತ್ತದೆ ಎಂಬ ಒಂದೇ ಕಾರಣಕ್ಕಾದರೂ ಇದು ಆಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಆದರೆ ಅದರ ಪರಿಣಾಮ ತಳಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ ಯೋಜಿಸಿರುವ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಅಗ್ಗದ ಹೊತ್ತಿನಲ್ಲಿ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ) ಯೋಜನೆಯ ಲೆಕ್ಕವನ್ನೂ ತಟ್ಟುತ್ತದೆ. ಮೇಲೆತ್ತಲು ಬಳಸಿದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಮರಳಿ ಸಿಗುವುದರಿಂದ, ಹಗಲಿನ ವಿದ್ಯುತ್ ಸಂಜೆಯದಕ್ಕಿಂತ ಸಾಕಷ್ಟು ಅಗ್ಗವಾಗಿದ್ದರೆ ಮಾತ್ರ ಅಂಥ ಯೋಜನೆ ಗಿಟ್ಟುತ್ತದೆ. ಪಂಪ್‌ಸೆಟ್ಟುಗಳು ಬಳಸಿಕೊಳ್ಳುವುದು ಅದೇ ಅಗ್ಗದ ಹಗಲಿನ ವಿದ್ಯುತ್ತನ್ನು. ಹೀಗಾಗಿ ಈ ಎರಡನ್ನೂ ಬೇರೆ ಬೇರೆ ವರದಿಗಳಲ್ಲಿ ಅಳೆಯದೆ ಒಂದೇ ಲೆಕ್ಕದಲ್ಲಿ ಒಟ್ಟಿಗೆ ಅಳೆಯುವ ಕೆಲಸವನ್ನು ನಾವೀಗ ಕೈಗೆತ್ತಿಕೊಂಡಿದ್ದೇವೆ.