ನಿರಾಸೆ ತಂದ ಸೀಕ್ವೆಲ್ ನೋಡುವುದು ಹೇಗೆ: ‘ಏಲಿಯನ್ 3’ ಜೊತೆಗೊಂದು ಅಭ್ಯಾಸ

ಬಾಹ್ಯಾಕಾಶದ ಕೊಲೆಗಡುಕ ಪ್ರಾಣಿಯ (ಅದೇ ಏಲಿಯನ್) ಭಯಾನಕ ಚಿತ್ರಸರಣಿಯ ‘ಏಲಿಯನ್ 3’ ಚಿತ್ರವನ್ನು ಬೈಯುವವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ಆ ಹುಡುಗಿಯನ್ನು ಕೊಂದುಬಿಟ್ಟರು. 1986ರ ಎರಡನೇ ಭಾಗ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿ ಜೀವ ಪಣಕ್ಕಿಟ್ಟು ಉಳಿಸಿಕೊಂಡ ನ್ಯೂಟ್, ಜೊತೆಗೆ ಸೈನಿಕ ಹಿಕ್ಸ್, ಇಬ್ಬರೂ 1992ರ ಈ ಮೂರನೇ ಭಾಗದಲ್ಲಿ ಶೀರ್ಷಿಕೆಗಳ ಬೆನ್ನಲ್ಲೇ ಸತ್ತರೆಂದು ತಿಳಿಯುತ್ತದೆ. ಸಿಟ್ಟು ಬರುವುದು ಸಹಜ. ಆದರೆ ಸಂಕಲನದ ಕೆಲಸದಲ್ಲೇ ವರ್ಷಗಟ್ಟಲೆ ಕಳೆದ ನನ್ನ ಅಭಿಪ್ರಾಯ ಬೇರೆ. ಈ ಚಿತ್ರ ಸೋತದ್ದು ಅಲ್ಲಿ ಅಲ್ಲ. ನಮಗೆ ನೋವಾದ ಜಾಗದಲ್ಲೇ ದೋಷವೂ ಇದೆ ಎಂದು ನಂಬಿ ಕುಳಿತರೆ ಚಿತ್ರದ ನಿಜವಾದ ದೋಷ ಕಣ್ಣಿಗೆ ಬೀಳುವುದಿಲ್ಲ, ಗುಣವೂ ಕಾಣುವುದಿಲ್ಲ. ಎರಡನ್ನೂ ಹುಡುಕಿ ತೆಗೆಯುವ ಬಗೆಯನ್ನು ಈ ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಕಥೆಯ ಕೊನೆಯವರೆಗಿನ ವಿವರಗಳು ಬರುತ್ತವೆ. ನೋಡಿಲ್ಲದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಚಿತ್ರ ಹಾಕುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಇದರಿಂದ ನೀವು ಏನನ್ನು ಬಯಸಿದ್ದಿರಿ ಎಂದು ಬರೆಯಿರಿ. ಮುಚ್ಚುಮರೆ ಬೇಡ. ‘ನ್ಯೂಟ್ ದೊಡ್ಡವಳಾಗಬೇಕಿತ್ತು’, ‘ಇನ್ನಷ್ಟು ಬಂದೂಕು, ಇನ್ನಷ್ಟು ಏಲಿಯನ್‌ಗಳು ಇರಬೇಕಿತ್ತು’, ಯಾವುದಾದರೂ ಸರಿ. ಆ ಬಯಕೆ ನಿಮ್ಮಲ್ಲಿ ಎಲ್ಲಿಂದ ಬಂತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಈ ಚಿತ್ರದ ಮಟ್ಟಿಗೆ ಇದು ಮುಖ್ಯ, ಏಕೆಂದರೆ ಸ್ಟುಡಿಯೊ ಬಿಟ್ಟ ಮೊದಲ ಟೀಸರ್ ಏಲಿಯನ್ ಭೂಮಿಗೇ ಬರಲಿದೆ ಎಂಬ ಭರವಸೆ ಕೊಟ್ಟಿತ್ತು. ಚಿತ್ರದಲ್ಲಿ ಭೂಮಿಯ ಸುಳಿವೇ ಇಲ್ಲ. ಇರುವುದು ಫಿಯೊರಿನಾ 161 ಎಂಬ ದೂರದ ಗ್ರಹದ ಸೀಸದ ಕಾರ್ಖಾನೆ, ಅಲ್ಲೊಂದು ಜೈಲು. ಟೀಸರ್ ಹೇಳಿದ ಸುಳ್ಳಿನ ಲೆಕ್ಕವನ್ನು ಟೀಸರ್ ಮಾಡಿದವರ ಖಾತೆಗೇ ಹಾಕಬೇಕು, ನಿರ್ದೇಶಕನ ಖಾತೆಗಲ್ಲ. ಬರೆದ ಹಾಳೆಯನ್ನು ಮಡಚಿ ಬದಿಗಿಡಿ.

ಹಿಂದಿನ ಭಾಗವನ್ನು ಹಿಂದಿನ ರಾತ್ರಿಯೇ ನೋಡಬೇಡಿ. ಜೇಮ್ಸ್ ಕ್ಯಾಮರಾನ್ ಅವರ ‘ಏಲಿಯನ್ಸ್’ ಯುದ್ಧಚಿತ್ರದ ವೇಗದ್ದು. ಅದರ ಬಿಸಿ ಆರುವ ಮೊದಲೇ ಇದನ್ನು ಹಾಕಿದರೆ ಪ್ರತಿ ದೃಶ್ಯವೂ ಎಳೆದಂತೆ ಕಾಣುತ್ತದೆ. ನೋಡಲೇಬೇಕೆಂದಿದ್ದರೆ ರಿಡ್ಲಿ ಸ್ಕಾಟ್ ಅವರ 1979ರ ‘ಏಲಿಯನ್’ ನೋಡಿ. ಒಂದೇ ಪ್ರಾಣಿ, ಕೈಯಲ್ಲಿ ಸರಿಯಾದ ಆಯುಧವಿಲ್ಲದ ಮನುಷ್ಯರು, ಹೊರಗೆ ಹೋಗಲು ದಾರಿಯಿಲ್ಲದ ಕಟ್ಟಡ: ಮೂರನೆಯದರ ರಕ್ತಸಂಬಂಧ ಇರುವುದು ಮೊದಲನೆಯದರ ಜೊತೆಗೆ.

ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ. ಎರಡನೇ ಸಲಕ್ಕೆ ಪೆನ್ನು ಹಿಡಿಯಿರಿ. ಆಗ ಮೊದಲ ಹತ್ತು ನಿಮಿಷಕ್ಕೆ ಬೇಕಾದಷ್ಟು ಸಮಯ ಕೊಡಿ. ಸೀಕ್ವೆಲ್ ಒಂದು ತನ್ನ ಹಿಂದಿನ ಚಿತ್ರದೊಡನೆ ಎಂಥ ಸಂಬಂಧ ಇಟ್ಟುಕೊಳ್ಳಲಿದೆ ಎಂಬುದು ಅಲ್ಲೇ ತೀರ್ಮಾನವಾಗಿರುತ್ತದೆ. ಇಲ್ಲಿ ಸ್ಟುಡಿಯೊದ ಪರಿಚಿತ ತುತ್ತೂರಿ ಸಂಗೀತವೇ ಕೊನೆಯ ಸ್ವರಕ್ಕೆ ಇಳಿಯದೆ ನಡುವೆ ತಡೆದು ನಿಂತು, ವಿಕಾರವಾಗಿ ಹಿಗ್ಗುತ್ತದೆ. ಚಿತ್ರ ಶುರುವಾಗುವ ಮೊದಲೇ ನೆಮ್ಮದಿ ಕೆಡಿಸುವ ಇಂಥ ಆರಂಭ ದೊಡ್ಡ ಸ್ಟುಡಿಯೊ ಚಿತ್ರಗಳಲ್ಲಿ ತೀರ ಅಪರೂಪ. ನಂತರ ನಕ್ಷತ್ರಗಳು, ಹೆಸರುಗಳು, ನಡುನಡುವೆ ಮಿಂಚಿ ಮರೆಯಾಗುವ ಚೂರುಪಾರು ಶಾಟ್‌ಗಳು: ಒಂದು ಮೊಟ್ಟೆ, ಬಿರುಕು ಬಿಟ್ಟ ಗಾಜು, ಬೆಂಕಿ. ಒಂದು ಮಾತೂ ಇಲ್ಲದೆ ಅನಾಹುತವೊಂದನ್ನು ಇಷ್ಟು ಮಿತವ್ಯಯದಲ್ಲಿ ಹೇಳಿದ್ದನ್ನು ನಾನು ಹೊಸದಾಗಿ ಸಂಕಲನ ಕಲಿಯುವವರಿಗೆ ಹಾಕಿ ತೋರಿಸುತ್ತೇನೆ.

ಅದೇ ಶಾಟ್‌ಗಳಲ್ಲಿ ಕಥೆಯ ದೊಡ್ಡ ತೂತೂ ಇದೆ. ಆ ಮೊಟ್ಟೆ ನೌಕೆಯೊಳಗೆ ಬಂದದ್ದು ಹೇಗೆ? ಹಿಂದಿನ ಭಾಗದಲ್ಲಿ ಮೊಟ್ಟೆಯಿಡುವ ರಾಣಿ ಏಲಿಯನ್ ತನ್ನ ಮೊಟ್ಟೆಚೀಲವನ್ನು ಹರಿದುಕೊಂಡೇ ರಿಪ್ಲಿಯನ್ನು ಅಟ್ಟಿಸಿಕೊಂಡು ಬಂದಿದ್ದಳು. ಚಿತ್ರ ಉತ್ತರ ಕೊಡುವುದಿಲ್ಲ. ಇದನ್ನು ದೋಷವೆಂದೇ ಬರೆದುಕೊಳ್ಳಿ, ಆದರೆ ಎಷ್ಟು ಭಾರದ ದೋಷ ಎಂದೂ ಕೇಳಿಕೊಳ್ಳಿ. ನಾನು ಬಳಸುವ ಅಳತೆ ಇದು: ಆ ತೂತನ್ನು ಒಂದು ವಾಕ್ಯದ ಸಂಭಾಷಣೆಯಿಂದ ಮುಚ್ಚಬಹುದಿತ್ತೇ? ಹೌದಾದರೆ ಅದು ಅಜಾಗರೂಕತೆ. ಅದರಿಂದ ಚಿತ್ರ ಬೀಳುವುದಿಲ್ಲ.

ಈಗ ನ್ಯೂಟ್‌ಳ ಸಾವಿಗೆ ಬನ್ನಿ. ನಿಮ್ಮನ್ನು ಅತ್ಯಂತ ಕೆರಳಿಸಿದ ನಿರ್ಧಾರ ಯಾವುದೋ ಅದರ ನಂತರದ ದೃಶ್ಯಗಳನ್ನು ಒಂದೊಂದಾಗಿ ನೋಡಿ, ಚಿತ್ರ ಆ ನಿರ್ಧಾರಕ್ಕೆ ಬೆಲೆ ತೆತ್ತಿದೆಯೇ ಎಂದು ಕೇಳಬೇಕು. ಇಲ್ಲಿ ತೆತ್ತಿದೆ. ಏಲಿಯನ್ ಬೇರೆ ಜೀವಿಯ ದೇಹದೊಳಗೆ ಬೆಳೆದು ಅದನ್ನು ಸೀಳಿಕೊಂಡು ಹುಟ್ಟುವ ಪ್ರಾಣಿ; ಹುಡುಗಿಯ ದೇಹದೊಳಗೂ ಅದು ಇರಬಹುದೆಂಬ ಅನುಮಾನದಿಂದ ರಿಪ್ಲಿ ಶವಪರೀಕ್ಷೆಗೆ ಒತ್ತಾಯಿಸುತ್ತಾಳೆ, ನಿಜವಾದ ಕಾರಣವನ್ನು ವೈದ್ಯ ಕ್ಲೆಮೆನ್ಸ್‌ಗೆ ಹೇಳಲಾರಳು, ಪಕ್ಕದಲ್ಲೇ ನಿಂತು ನೋಡುತ್ತಾಳೆ. ಕ್ಯಾಮೆರಾ ಹೆಚ್ಚಾಗಿ ರಿಪ್ಲಿಯಾಗಿ ನಟಿಸಿದ ಸಿಗೋರ್ನಿ ವೀವರ್ ಅವರ ಮುಖದ ಮೇಲಿದೆ. ಉಳಿದದ್ದನ್ನು ಶಬ್ದ ಹೇಳುತ್ತದೆ. ಆಮೇಲೆ ಕುಲುಮೆಯ ಮುಂದಿನ ಅಂತ್ಯಕ್ರಿಯೆ. ಕೈದಿಗಳ ನಾಯಕ ಡಿಲನ್ ಪ್ರಾರ್ಥನೆಯ ಮಾತು ಹೇಳುತ್ತಿರುವಾಗಲೇ ಕಟ್ ಮಾಡಿ ಇನ್ನೊಂದು ಮೂಲೆಯಲ್ಲಿ ಹೊಸ ಏಲಿಯನ್ ನಾಯಿಯ ದೇಹ ಸೀಳಿಕೊಂಡು ಹುಟ್ಟುವುದನ್ನು ತೋರಿಸುತ್ತಾರೆ. ಎರಡು ಶವಗಳು ಬೆಂಕಿಗೆ ಬೀಳುತ್ತವೆ, ಪ್ರಾಣಿ ತೊಡರಿಕೊಂಡು ಎದ್ದು ನಿಲ್ಲುತ್ತದೆ, ಎಲಿಯಟ್ ಗೋಲ್ಡನ್‌ಥಾಲ್ ಅವರ ಸಂಗೀತ ಎರಡನ್ನೂ ಒಂದೇ ಉಸಿರಿನಲ್ಲಿ ಹಿಡಿಯುತ್ತದೆ. ಇಡೀ ಸರಣಿಯಲ್ಲಿ ಶೋಕಕ್ಕೆ ಇಷ್ಟು ಸಮಯ ಕೊಟ್ಟ ಚಿತ್ರ ಇನ್ನೊಂದಿಲ್ಲ. ಮಗುವನ್ನು ಕೊಂದು ಮುಂದಕ್ಕೆ ಓಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಈ ಚಿತ್ರ ಓಡುವುದಿಲ್ಲ, ನಿಂತು ಅಳುತ್ತದೆ. ಹಾಗಾಗಿ ಇದನ್ನು ನಾನು ದೋಷದ ಪಟ್ಟಿಗೆ ಸೇರಿಸಲಾರೆ.

ಹಾಗಾದರೆ ದೋಷ ಎಲ್ಲಿದೆ? ಕೊನೆಯ ಬೇಟೆಯ ಭಾಗಕ್ಕೆ ಹೋಗಿ. ಆಯುಧಗಳಿಲ್ಲದ ಕೈದಿಗಳು ತಾವೇ ಆಮಿಷವಾಗಿ ಓಡಿ, ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತಾ ಪ್ರಾಣಿಯನ್ನು ಸೀಸ ಸುರಿಯುವ ಅಚ್ಚಿನ ಜಾಗಕ್ಕೆ ತರಬೇಕು. ಕಾಗದದ ಮೇಲೆ ಅದ್ಭುತವಾದ ಕಲ್ಪನೆ. ಈಗ ಖಾಲಿ ಹಾಳೆಯಲ್ಲಿ ಆ ಜಾಗದ ನಕ್ಷೆ ಬರೆಯಲು ಪ್ರಯತ್ನಿಸಿ: ಯಾವ ಓಣಿ ಎಲ್ಲಿಗೆ ಸೇರುತ್ತದೆ, ಯಾವ ಬಾಗಿಲು ಮುಚ್ಚಿದರೆ ಯಾವುದು ಉಳಿಯುತ್ತದೆ, ಅಚ್ಚು ಯಾವ ದಿಕ್ಕಿಗೆ. ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದರೂ ಬರೆಯಲಾಗುವುದಿಲ್ಲ. ಛಾವಣಿಗೆ ಅಂಟಿಕೊಂಡು ತಲೆಕೆಳಗಾಗಿ ನುಗ್ಗುವ ಪ್ರಾಣಿಯ ಕಣ್ಣೋಟದ ಶಾಟ್‌ಗಳು ರೋಮಾಂಚನ ತರುತ್ತವೆ, ಆದರೆ ಅವು ನಮಗಿದ್ದ ಅಲ್ಪಸ್ವಲ್ಪ ದಿಕ್ಕನ್ನೂ ಅಳಿಸಿಬಿಡುತ್ತವೆ. ‘ಏಲಿಯನ್ಸ್’ನಲ್ಲಿ ಪಾತ್ರಗಳು ಕಟ್ಟಡದ ನಕ್ಷೆಯ ಮುಂದೆಯೇ ನಿಂತು ಎಲ್ಲಿ ಅಡ್ಡಗಟ್ಟಬೇಕೆಂದು ಮಾತನಾಡಿಕೊಳ್ಳುತ್ತವೆ; ಆದ್ದರಿಂದ ಮುಂದೆ ಒಂದು ಬಾಗಿಲು ಅಲುಗಿದರೂ ಎದೆ ಹೊಡೆದುಕೊಳ್ಳುತ್ತದೆ. ಅಪಾಯ ಎಷ್ಟು ದೂರದಲ್ಲಿದೆ ಎಂದು ಪ್ರೇಕ್ಷಕನಿಗೆ ಗೊತ್ತಿರದಿದ್ದರೆ ಎಷ್ಟು ವೇಗವಾಗಿ ಕಟ್ ಮಾಡಿದರೂ ಭಯ ಹುಟ್ಟುವುದಿಲ್ಲ.

ಎರಡನೇ ಪರೀಕ್ಷೆ ಇನ್ನೂ ಸರಳ. ಚಿತ್ರ ಮುಗಿದ ಮೇಲೆ ಕೈದಿಗಳ ಹೆಸರು ಬರೆಯಿರಿ. ಡಿಲನ್ ನೆನಪಿರುತ್ತಾನೆ, ಚಾರ್ಲ್ಸ್ ಡಟನ್ ಅವರ ಧ್ವನಿ ಮರೆಯುವಂಥದ್ದಲ್ಲ. ಗೋಲಿಕ್, ಮೋರ್ಸ್ ನೆನಪಾಗಬಹುದು. ಆಮೇಲೆ? ಹೇನಿನ ಕಾಟವೆಂದು ಎಲ್ಲರ ತಲೆಯೂ ಬೋಳು, ಎಲ್ಲರ ಬಟ್ಟೆಯೂ ಮಾಸಲು ಕಂದು. ಸತ್ತವನು ಯಾರೆಂದು ಗುರುತು ಸಿಗುವ ಮೊದಲೇ ಇನ್ನೊಬ್ಬ ಸಾಯುತ್ತಾನೆ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕ್ಲೆಮೆನ್ಸ್ ಸತ್ತಾಗ. ಚಾರ್ಲ್ಸ್ ಡ್ಯಾನ್ಸ್ ಮಾಡಿದ ಆ ಪಾತ್ರ ತಾನು ತಪ್ಪು ಪ್ರಮಾಣದ ಔಷಧಿ ಬರೆದು 11 ಜನರ ಸಾವಿಗೆ ಕಾರಣನಾದೆನೆಂದು ರಿಪ್ಲಿಗೆ ಹೇಳಿ ಮುಗಿಸುತ್ತಿದ್ದಂತೆ ಏಲಿಯನ್ ಅವನನ್ನು ಎತ್ತಿಕೊಳ್ಳುತ್ತದೆ. ದೃಶ್ಯವಾಗಿ ನೋಡಿದರೆ ಬೆಚ್ಚಿಬೀಳಿಸುತ್ತದೆ. ರಿಪ್ಲಿಯ ಕೆನ್ನೆಗೆ ಮೂತಿ ತಾಗುವಷ್ಟು ಹತ್ತಿರ ಬಂದರೂ ಪ್ರಾಣಿ ಅವಳನ್ನು ಕೊಲ್ಲದೆ ಸರಿಯುವ ಆ ಶಾಟ್ ಎಲ್ಲರಿಗೂ ಗೊತ್ತಿರುವಂಥದ್ದೇ. ಆದರೆ ಅಲ್ಲಿಗೆ ಚಿತ್ರದಲ್ಲಿ ಇಬ್ಬರು ಮನುಷ್ಯರು ಎದುರುಬದುರು ಕುಳಿತು ಮಾತನಾಡುವ ಒಂದೇ ಎಳೆ ತುಂಡಾಗುತ್ತದೆ, ಮತ್ತು ಅದರ ಜಾಗಕ್ಕೆ ಬಹಳ ಹೊತ್ತು ಯಾವುದೂ ಬರುವುದಿಲ್ಲ. ನನ್ನ ಪ್ರಕಾರ ಚಿತ್ರ ಕುಸಿಯುವುದು ಇಲ್ಲಿಂದ. ನ್ಯೂಟ್‌ಳ ಸಾವಿಗಾಗಿ ಬೈಯುವವರು ಕ್ಲೆಮೆನ್ಸ್‌ನ ಸಾವಿನ ಬಗ್ಗೆ ಕೇಳಬೇಕಿತ್ತು.

ಗ್ರಾಫಿಕ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓಡುವ ಏಲಿಯನ್ ಬಹುಪಾಲು ಕಡ್ಡಿಗಳಿಂದ ಆಡಿಸಿದ ಬೊಂಬೆ. ಅದನ್ನು ಬೇರೆಯಾಗಿ ಚಿತ್ರೀಕರಿಸಿ ಹಿನ್ನೆಲೆಯೊಂದಿಗೆ ಕೂಡಿಸಿದ್ದಾರೆ. ಚಿತ್ರವನ್ನು ನಿಲ್ಲಿಸಿ ನೋಡಿದರೆ ಬೊಂಬೆಯ ಅಂಚು, ಬೆಳಕು ಹಿನ್ನೆಲೆಗೆ ಹೊಂದದಿರುವುದು ತಿಳಿಯುತ್ತದೆ. ಆದರೂ ನಡಿಗೆಯನ್ನು ಗಮನಿಸಿ, ನಾಲ್ಕು ಕಾಲಿನ ಆ ಓಟ ಹಿಂದಿನ ಎರಡು ಚಿತ್ರಗಳಲ್ಲಿ ಇರಲಿಲ್ಲ. ಚಿತ್ರಕ್ಕೆ ಸಿಕ್ಕ ಆಸ್ಕರ್ ನಾಮನಿರ್ದೇಶನವೂ ದೃಶ್ಯ ಪರಿಣಾಮಗಳಿಗಾಗಿಯೇ.

ಇಷ್ಟನ್ನು ಬರೆದುಕೊಂಡ ಮೇಲೆ, ಇದಕ್ಕೆ ಮೊದಲಲ್ಲ, ಚಿತ್ರ ತಯಾರಾದ ಕಥೆಯನ್ನು ಓದಿ. ಮೊದಲೇ ಓದಿದರೆ ತೆರೆಯ ಮೇಲೆ ಇರುವುದನ್ನು ಬಿಟ್ಟು ತೆರೆಯ ಹಿಂದಿನ ಜಗಳವನ್ನೇ ನೋಡತೊಡಗುತ್ತೀರಿ. ಮೊದಲು ನಿರ್ದೇಶಿಸಬೇಕಿದ್ದ ವಿನ್ಸೆಂಟ್ ವಾರ್ಡ್ ಇದನ್ನು ಮರದಿಂದ ಕಟ್ಟಿದ ಗ್ರಹವೊಂದರ ಸನ್ಯಾಸಿಗಳ ಕಥೆಯಾಗಿ ಕಲ್ಪಿಸಿಕೊಂಡಿದ್ದರು. ಅವರು ಹೊರನಡೆದ ಮೇಲೆ ಮಠ ಜೈಲಾಯಿತು, ಸನ್ಯಾಸಿಗಳು ದೇವರನ್ನು ನಂಬಿದ ಕೈದಿಗಳಾದರು. ಲಂಡನ್ ಬಳಿಯ ಪೈನ್‌ವುಡ್ ಸ್ಟುಡಿಯೊದಲ್ಲಿ 1991ರಲ್ಲಿ ಕ್ಯಾಮೆರಾ ಓಡತೊಡಗಿದಾಗ ಚಿತ್ರಕಥೆ ಪೂರ್ತಿಯಾಗಿರಲಿಲ್ಲ. ನಿರ್ದೇಶಕ ಡೇವಿಡ್ ಫಿಂಚರ್‌ಗೆ ಇದು ಮೊದಲ ಚಲನಚಿತ್ರ, ಇನ್ನೂ ಮೂವತ್ತು ತುಂಬಿರಲಿಲ್ಲ. ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಅನಾರೋಗ್ಯದಿಂದ ಬಿಟ್ಟುಹೋಗಿ ಅಲೆಕ್ಸ್ ಥಾಮ್ಸನ್ ಬಂದರು. (ಅದೇ ಕ್ರೋನೆನ್‌ವೆತ್ ಅವರ ಮಗ ಜೆಫ್ ಮುಂದೆ ಫಿಂಚರ್ ಅವರ ಚಿತ್ರಗಳಿಗೆ ಛಾಯಾಗ್ರಾಹಕರಾದದ್ದು ನನಗೆ ತುಂಬಾ ಪ್ರಿಯವಾದ ಸಂಗತಿ.) ಇದನ್ನೆಲ್ಲ ತಿಳಿದರೆ ಕೈದಿಗಳ ಮುಖ ಏಕೆ ನೆನಪುಳಿಯುವುದಿಲ್ಲ ಎಂಬುದಕ್ಕೆ ಕಾರಣ ಸಿಗುತ್ತದೆ: ಬರೆದು ಮುಗಿಸದ ಪಾತ್ರಗಳನ್ನು ಸಂಕಲನದಲ್ಲಿ ಹುಟ್ಟಿಸಲಾಗುವುದಿಲ್ಲ. ಆದರೆ ಕಾರಣ ತಿಳಿಯಿತೆಂದು ದೋಷವನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ. ಟಿಕೆಟ್ ಕೊಂಡವನ ಮುಂದೆ ಬಂದದ್ದು ಚಿತ್ರವೇ ಹೊರತು ಅದರ ಕಷ್ಟಗಳಲ್ಲ.

ಕೊನೆಯ ಕೆಲಸ, ಬೇರೆ ಆವೃತ್ತಿ ಇದ್ದರೆ ಹೋಲಿಸುವುದು. ಈ ಚಿತ್ರದ ಉದ್ದದ ಆವೃತ್ತಿ, ‘ಅಸೆಂಬ್ಲಿ ಕಟ್’, 2003ರಲ್ಲಿ ಡಿವಿಡಿಯಲ್ಲಿ ಬಂತು. ಫಿಂಚರ್ ಅದರಲ್ಲಿ ಭಾಗಿಯಾಗಲಿಲ್ಲ. ಅರ್ಧ ಗಂಟೆಯಷ್ಟು ಹೆಚ್ಚಿದೆ. ನಾಯಿಯ ಬದಲು ಎತ್ತು ಇದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ಅಷ್ಟು ಮುಖ್ಯವಲ್ಲ. ಮುಖ್ಯವಾದದ್ದು ನಡುಭಾಗ: ಇದರಲ್ಲಿ ಕೈದಿಗಳು ಪ್ರಾಣಿಯನ್ನು ನಿಜಕ್ಕೂ ಹಿಡಿದು ಕೂಡಿಹಾಕುತ್ತಾರೆ, ಬುದ್ಧಿ ಕೆಟ್ಟ ಗೋಲಿಕ್ ಹೋಗಿ ಬಾಗಿಲು ತೆಗೆಯುತ್ತಾನೆ. ಚಿತ್ರಮಂದಿರದ ಆವೃತ್ತಿಯಲ್ಲಿ ಗೋಲಿಕ್ ಕಾರಣವಿಲ್ಲದೆ ಕಾಣೆಯಾಗಿದ್ದ, ಬೆಂಕಿ ಹಚ್ಚಿ ಪ್ರಾಣಿಯನ್ನು ಅಟ್ಟುವ ಯೋಜನೆ ಸುಮ್ಮನೆ ವಿಫಲವಾಗಿತ್ತು. ಎರಡನ್ನೂ ನೋಡುವಾಗ ನಿಮ್ಮ ದೋಷದ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಯಾವುದು ಕಳಚಿತು, ಯಾವುದು ಉಳಿಯಿತು ಎಂದು ಗುರುತು ಹಾಕಿ. ಉದ್ದದ ಆವೃತ್ತಿಯಲ್ಲಿ ಕೆಲವು ಮುಖಗಳು ಮರಳಿ ಸಿಕ್ಕವು. ಬೇಟೆಯ ನಕ್ಷೆ ಮಾತ್ರ ಅಲ್ಲೂ ಸಿಗಲಿಲ್ಲ. ರಿಪ್ಲಿಯ ಸಾವು ಬಹಳ ಉತ್ತಮವಾಯಿತು: ಮೊದಲ ಆವೃತ್ತಿಯಲ್ಲಿ ಅವಳು ಕುಲುಮೆಗೆ ಬೀಳುತ್ತಿರುವಾಗಲೇ ಅವಳೊಳಗೆ ಬೆಳೆಯುತ್ತಿದ್ದ ಏಲಿಯನ್ ಮರಿ ಎದೆಯಿಂದ ಹೊರಬರುತ್ತದೆ, ಅವಳು ಅದನ್ನು ಹಿಡಿದುಕೊಳ್ಳುತ್ತಾಳೆ, ಇಲ್ಲಿ ಅದು ಹೊರಬರುವುದೇ ಇಲ್ಲ. ಕೈ ಚಾಚಿ ಬೀಳುವುದು ಪೂರ್ತಿ ಅವಳದೇ ನಿರ್ಧಾರವಾಗಿ ಉಳಿಯುತ್ತದೆ.

ಈಗ ಮಡಚಿಟ್ಟ ಮೊದಲ ಹಾಳೆಯನ್ನು ಬಿಡಿಸಿ, ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಡಿ. ಮೊದಲನೆಯದರಲ್ಲಿದ್ದು ಎರಡನೆಯದರಲ್ಲಿ ಇಲ್ಲದ್ದನ್ನು ವಿಮರ್ಶೆಯಲ್ಲಿ ಬರೆಯಬೇಡಿ. ಗೆಳೆಯರ ಜೊತೆ ಮಾತನಾಡಲು ಇಟ್ಟುಕೊಳ್ಳಿ. ಉಳಿದ ಪ್ರತಿ ಆರೋಪಕ್ಕೂ, ಪ್ರತಿ ಮೆಚ್ಚುಗೆಗೂ ಒಂದು ದೃಶ್ಯವನ್ನು ಹೆಸರಿಸಿ. ಯಾರಾದರೂ ಯಾವ ಆವೃತ್ತಿ ನೋಡಲಿ ಎಂದು ಕೇಳಿದರೆ ನಾನು ಉದ್ದದ್ದನ್ನೇ ಹೇಳುತ್ತೇನೆ, ಒಂದು ಹೊರತು: ಪ್ರಾಣಿ ಹುಟ್ಟುವ ಆ ಅಂತ್ಯಕ್ರಿಯೆಯನ್ನು ಮಾತ್ರ ಚಿತ್ರಮಂದಿರದ ಆವೃತ್ತಿಯಲ್ಲೂ ಒಮ್ಮೆ ನೋಡಬೇಕು, ಅಲ್ಲಿನ ಕಟ್‌ಗಳು ಹೆಚ್ಚು ಬಿಗಿಯಾಗಿವೆ.