ಯಾವ ಬಾಬ್ತಿಗೆ ಬರೆಯಲಿ?

ನನ್ನ ಹೆಂಡತಿ ದಾವಣಗೆರೆಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಮನೆಯಲ್ಲೂ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದಿದೆ. ಕೊತ್ತಂಬರಿ ಸೊಪ್ಪಿಗೆ ಕೊಟ್ಟ 10 ರೂಪಾಯಿಯೂ ಅದರಲ್ಲಿ ಯಾವುದಾದರೊಂದು ಬಾಬ್ತಿಗೆ ಸೇರಲೇಬೇಕು. ಹಾಗಾಗಿ ನಾನು ಎಸ್‌ಪ್ರೆಸೊ ಕಾಫಿ ಯಂತ್ರದ ಮಾತು ತೆಗೆದ ದಿನ ಅವಳು ಬೇಡ ಎನ್ನಲಿಲ್ಲ. "ಯಾವ ಬಾಬ್ತಿಗೆ ಬರೆಯಲಿ ಹೇಳಿ" ಎಂದಳು. ಅದಕ್ಕೆ ಒಪ್ಪುವಂಥ ಉತ್ತರ ಕೊಡಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ. ತರಬೇತಿಯೊಂದಕ್ಕೆ ಹೋಗಿದ್ದಾಗ ಒಂದು ವಾರ ಪ್ರತಿದಿನವೂ 200 ರೂಪಾಯಿ ಕೊಟ್ಟು ಕಾಫಿ ಕುಡಿದೆ. ಊರಿಗೆ ಬಂದ ಮೇಲೆ ನಾಲಿಗೆ ಅದನ್ನೇ ಕೇಳತೊಡಗಿತು. ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಹೊರಗೆ 200 ಬೀಳುವ ಕಾಫಿ ಮನೆಯಲ್ಲಿ 50ಕ್ಕೆ ಆಗುತ್ತದೆ. ದಿನಕ್ಕೆ ಎರಡು ಲೋಟವೆಂದರೆ 300 ರೂಪಾಯಿ ಉಳಿತಾಯ. ಯಂತ್ರದ ಬೆಲೆ 24,000. ಎಂಬತ್ತೇ ದಿನಕ್ಕೆ ಅಸಲು ವಾಪಸ್, ಆಮೇಲೆ ಬರುವುದೆಲ್ಲ ಲಾಭ! ಬೆಳಿಗ್ಗೆ ಆ ಕಾಗದವನ್ನು ಗೆದ್ದವನಂತೆ ಅವಳ ಮುಂದಿಟ್ಟೆ.

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ರೀ, ದಾವಣಗೆರೆಯಲ್ಲಿ ನೀವು ಯಾವತ್ತು ದಿನಕ್ಕೆ 400 ರೂಪಾಯಿಯ ಕಾಫಿ ಕುಡಿದಿದ್ದೀರಿ? ಬೆಣ್ಣೆ ದೋಸೆ ತಿಂದು ಮೇಲೆ ಕುಡಿಯುವ ಕಾಫಿಗೂ ಅಷ್ಟಾಗುವುದಿಲ್ಲ. ಮಾಡದ ಖರ್ಚನ್ನು ಉಳಿಸುವುದು ಹೇಗೆ?" ಎಂದು ಕೇಳಿ, ಕಾಗದದ ಹಿಂಬದಿಯಲ್ಲಿ ತನ್ನ ಲೆಕ್ಕ ಬರೆದಳು. ನಮ್ಮ ಹಿತ್ತಾಳೆ ಫಿಲ್ಟರಿನ ಕಾಫಿಗೆ ಲೋಟವೊಂದಕ್ಕೆ 10 ಗ್ರಾಂ ಪುಡಿ, ಅಂದರೆ 6 ರೂಪಾಯಿ. ಹಾಲು 5, ಸಕ್ಕರೆ 1. ಒಟ್ಟು 12. ನನ್ನದಕ್ಕೆ ಚಿಕ್ಕಮಗಳೂರಿನಿಂದ ತರಿಸುವ ಬೀಜ 250 ಗ್ರಾಮಿಗೆ 550 ರೂಪಾಯಿ. ಒಂದು ಡಬಲ್ ಶಾಟಿಗೆ, ಅಂದರೆ ಒಂದು ಲೋಟಕ್ಕೆ ಇಳಿಸುವ ಗಟ್ಟಿ ಕಾಫಿಗೆ, 18 ಗ್ರಾಂ ಬೇಕು, ಅದೇ ಸುಮಾರು 40 ರೂಪಾಯಿ. ಹಾಲಿನದು 7 ಸೇರಿದರೆ 47. ಲೋಟಕ್ಕೆ 35 ರೂಪಾಯಿ ಹೆಚ್ಚು, ದಿನಕ್ಕೆ 70, ವರ್ಷಕ್ಕೆ 25,550. ಯಂತ್ರ ತನ್ನ ಬೆಲೆಯನ್ನು ಹಿಂದಿರುಗಿಸುವುದು ಹಾಗಿರಲಿ, ಮೊದಲ ವರ್ಷವೇ ಇನ್ನೊಂದು ಯಂತ್ರದ ದುಡ್ಡನ್ನು ನುಂಗುತ್ತದೆ.

ಆ ಕಾಗದ ಇನ್ನೂ ನನ್ನ ಬಳಿ ಇದೆ.

ಬೇರೆ ದಾರಿಗಳನ್ನೂ ಹುಡುಕಿದೆ. ಹತ್ತು ವರ್ಷ ಬಾಳುತ್ತದೆ ಎಂದೆ. ಅಟ್ಟದ ಮೇಲಿದ್ದ ಮೂರು ಮಿಕ್ಸಿಗಳ ಕಡೆಗೆ ಕೈ ತೋರಿಸಿದಳು. ಇಟಲಿಯ ಮಿಲಾನಿನ ಬೆಜೆರಾ ಎಂಬಾತ 1901ರಲ್ಲೇ ಇಂಥ ಯಂತ್ರಕ್ಕೆ ಪೇಟೆಂಟ್ ಕೇಳಿದ್ದ ಕಥೆಯನ್ನು ಹೇಳಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಕೊನೆಗೆ ಒಂದು ಭಾನುವಾರ ಸಾಕಾಗಿ, "ಇದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ. ನನಗೆ ಆಸೆ, ಅಷ್ಟೇ" ಎಂದುಬಿಟ್ಟೆ. ಅವಳು ಪುಸ್ತಕದಲ್ಲಿ ಹೊಸ ಹಾಳೆ ತಿರುಗಿಸಿ ಮೇಲೆ 'ಖಯಾಲಿ' ಎಂದು ಬರೆದಳು. ಅಸಲು ಮನೆಖರ್ಚಿನಿಂದ ಬರಕೂಡದು, ಬೀಜಕ್ಕೆ ತಿಂಗಳಿಗೆ 1,200 ದಾಟಕೂಡದು. ಉತ್ತರ ಪತ್ರಿಕೆಗಳ ಮೌಲ್ಯಮಾಪನದಿಂದ ಬಂದ ಸಂಭಾವನೆಯ ಜೊತೆಗೆ, ಸಂಜೆಯ ಖಾರ ಮಂಡಕ್ಕಿ ಮೆಣಸಿನಕಾಯಿಗೆ ಕತ್ತರಿ ಹಾಕಿ ಡಬ್ಬಿಯಲ್ಲಿ ಕೂಡಿಟ್ಟಿದ್ದನ್ನೂ ಸೇರಿಸಿದೆ. ಎರಡು ಲೋಟದ ಕನಸು ಒಂದಕ್ಕೆ ಇಳಿಯಿತು. ತಿಂಗಳಿಗೆ ಎರಡು ಪೊಟ್ಟಣ ಬೀಜ, 1,100.

ಇಷ್ಟೆಲ್ಲ ಪ್ರಾಮಾಣಿಕನಾದ ನಾನು ಒಂದು ವಿಷಯವನ್ನು ಮುಚ್ಚಿಟ್ಟಿದ್ದೆ: ಕಾಫಿ ಬೀಜ ಬೀಸುವ ಗ್ರೈಂಡರ್. ಮಿಕ್ಸಿಯಲ್ಲೇ ಪುಡಿ ಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈ ದಾರಿಗೆ ಇಳಿಯುವವರು ದಯವಿಟ್ಟು ಈ ತಪ್ಪು ಮಾಡಬೇಡಿ. ಎಸ್‌ಪ್ರೆಸೊ ಎಂದರೆ ಒತ್ತಿದ ಪುಡಿಯ ಮೂಲಕ ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರನ್ನು ನುಗ್ಗಿಸುವುದು. 18 ಗ್ರಾಂ ಪುಡಿಯಿಂದ 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿದರೆ ಹದ. ಮಿಕ್ಸಿ ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ಅದರಲ್ಲಿ ಅರ್ಧ ಮೈದಾ, ಅರ್ಧ ರವೆ. ನೀರು ಸಂದು ಸಿಕ್ಕಿದ ಕಡೆ ನುಸುಳಿ 9 ಸೆಕೆಂಡಿಗೇ ಲೋಟ ತುಂಬಿತು, ಬಾಯಿಗಿಟ್ಟರೆ ಹುಣಸೆಹುಳಿ. ಇನ್ನಷ್ಟು ನುಣ್ಣಗೆ ಮಾಡಿದರೆ ಯಂತ್ರ ಗೊರಗೊರ ಎಂದಿತೇ ಹೊರತು ಹನಿ ಬೀಳಲಿಲ್ಲ. ಯಂತ್ರದ ಜೊತೆ ಬಂದಿದ್ದ ಇನ್ನೊಂದು ಬಾಸ್ಕೆಟ್ಟಿನ, ಅಂದರೆ ಪುಡಿ ತುಂಬುವ ಬಟ್ಟಲಿನ, ಅಡಿಯಲ್ಲಿ ಒಂದೇ ಸಣ್ಣ ತೂತು. ಪುಡಿ ಹೇಗೇ ಇರಲಿ, ಅದು ನೊರೆ ಎಬ್ಬಿಸಿ ಕಣ್ಣಿಗೆ ಹಬ್ಬ ಮಾಡುತ್ತದೆ. ನಾಲಿಗೆಗೆ ಮೋಸ ತಿಳಿಯುತ್ತದೆ. ಅಂದಹಾಗೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದ್ದ '15 ಬಾರ್'ಗೆ ಮರುಳಾಗಿದ್ದೂ ನಾನೇ. ಅದು ಪಂಪಿನ ಗರಿಷ್ಠ ಒತ್ತಡ, ಕಾಫಿಗೆ ಅಷ್ಟು ಬೇಕಿಲ್ಲ.

ತಲೆ ತಗ್ಗಿಸಿಕೊಂಡು ಪೂರಕ ಬಜೆಟ್ ಮಂಡಿಸಿದೆ: ಕೈಯಿಂದ ತಿರುಗಿಸುವ ಗ್ರೈಂಡರ್, 9,500. ಆ ವಾರ ಮನೆಯಲ್ಲಿ ಮಾತು ಕಡಿಮೆ ಇತ್ತು.

ಆದರೆ ಗ್ರೈಂಡರ್ ಬಂದ ಮೂರನೆಯ ದಿನ ಅವಳೇ, "ಇದರಲ್ಲಿ ಫಿಲ್ಟರಿಗೂ ಬೀಸಲು ಬರುತ್ತದೆಯೇ?" ಎಂದಳು. ಮಂಡಿಪೇಟೆಯಿಂದ ಹುರಿದ ಪೀಬರಿ ಬೀಜ ತಂದು ತುಸು ತರಿಯಾಗಿ ಬೀಸಿಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು, "ಚಿಕೋರಿ ಇಲ್ಲದೆ ಇದೇನೋ, ಸಪ್ಪೆ" ಎಂದರು. ಮಾರನೆಯ ದಿನ ಐದನೆಯ ಒಂದು ಪಾಲು ಚಿಕೋರಿಯನ್ನು ಬೇರೆಯಾಗಿ ಬೆರೆಸಿದೆವು. ಡಿಕಾಕ್ಷನ್ ಇಳಿಯುವಾಗಲೇ ನಡುಮನೆಯವರೆಗೆ ಘಮ ಹಬ್ಬಿತು. ಅಂದಿನಿಂದ ಪುಡಿ ತರುವುದು ನಿಂತಿದೆ. ಬೆಳಿಗ್ಗೆ ಆರಕ್ಕೆ ಬೀಸುವ ಕೂಲಿ ನಾನು. ತಿಂಗಳ ಕೊನೆಗೆ ಪುಸ್ತಕ ನೋಡಿದರೆ ಗ್ರೈಂಡರಿನ 9,500 ಖಯಾಲಿಯ ಹಾಳೆಯಿಂದ ಹೊಡೆದುಹೋಗಿತ್ತು, 'ಅಡುಗೆಮನೆ ಸಾಮಾನು' ಬಾಬ್ತಿನಲ್ಲಿ ಕುಕ್ಕರಿನ ಪಕ್ಕ ಕುಳಿತಿತ್ತು. ಯಂತ್ರ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಯಾರೂ ಮೊದಲೇ ಹೇಳದ ಖರ್ಚು ನೀರಿನದು. ನಮ್ಮ ಕೊಳವೆಬಾವಿಯ ನೀರು ಎಷ್ಟು ಗಡಸೆಂದರೆ ಪಾತ್ರೆಯಲ್ಲಿ ಕಾಯಿಸಿದರೆ ಅಂಚಿಗೆ ಸುಣ್ಣ ಬಳಿದ ಹಾಗಾಗುತ್ತದೆ. ಮೂರು ತಿಂಗಳು ಅದನ್ನೇ ತುಂಬಿಸಿದೆ. ಯಂತ್ರದ ಒಳಗಿನ ಕೊಳವೆ ಕಟ್ಟಿಕೊಂಡಿತು. ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸಲು 2,800 ಕೊಟ್ಟೆ. ಹಾಗೆಂದು ಬರೀ ಆರ್‌ಓ ನೀರು ಹಾಕಿದರೆ ಖನಿಜಾಂಶವಿಲ್ಲದೆ ಕಾಫಿ ಪೇಲವವಾಗುತ್ತದೆ. ಈಗ ನಲ್ಲಿಯಲ್ಲಿ ತುಂಗಭದ್ರೆಯ ನೀರು ಬಂದ ದಿನ ಕೊಡದಲ್ಲಿ ಹಿಡಿದಿಟ್ಟು, ಸೋಸಿ, ಅರ್ಧಕ್ಕರ್ಧ ಆರ್‌ಓ ನೀರು ಬೆರೆಸುತ್ತೇನೆ. ಎರಡು ತಿಂಗಳಿಗೊಮ್ಮೆ ನಿಂಬೆ ಉಪ್ಪು ಕರಗಿಸಿದ ನೀರನ್ನು ಯಂತ್ರದೊಳಗೆ ಹಾಯಿಸಿ ತೊಳೆಯುತ್ತೇನೆ.

ಆ ನಿಂಬೆ ಉಪ್ಪಿನ ಪೊಟ್ಟಣಕ್ಕೆ 30 ರೂಪಾಯಿ. ಅದು ಖಯಾಲಿಯ ಹಾಳೆಯಲ್ಲಿದೆ. ಆದರೆ ಕಳೆದ ವಾರ ಸ್ನಾನದ ನೀರು ಕಾಯಿಸುವ ಕಾಯಿಲ್ ತೊಳೆಯಲು ಅದರಲ್ಲಿ ಅರ್ಧವನ್ನು ಅವಳೇ ಬಳಸಿದ್ದಾಳೆ. 15 ರೂಪಾಯಿಯನ್ನು ಮನೆಖರ್ಚಿನ ಬಾಬ್ತಿಗೆ ವರ್ಗಾಯಿಸಬೇಕೆಂದು ಅರ್ಜಿ ಹಾಕಿದ್ದೇನೆ. ಇನ್ನೂ ಮಂಜೂರಾಗಿಲ್ಲ.